ಸುಟ್ಟ ಕಾಗದದ ಟ್ರಾನ್ಸ್‌ಫಾರ್ಮರ್

ಕಣಗಲಾದ ಕರೆಪ್ಪ ಸೈನ್ಯ ಬಿಟ್ಟು ಬಂದಾಗ ಅವನ ಟ್ರಂಕಿನಲ್ಲಿ ಎರಡು ಜೊತೆ ಖಾಕಿ ಬಟ್ಟೆ, ಒಂದು ಬೆಸುಗೆಯ ಕಡ್ಡಿ ಮತ್ತು ಉಣ್ಣೆಯ ಕಾಲುಚೀಲಗಳಲ್ಲಿ ಸುತ್ತಿಟ್ಟ ಐದು ರೇಡಿಯೋ ವಾಲ್ವ್‌ಗಳಿದ್ದವು. ವಾಲ್ವ್‌ಗಳನ್ನು ಅವನು ಪುಣೆಯಲ್ಲಿ ಮಿಲಿಟರಿ ಸಾಮಾನಿನ ಹರಾಜಿನಲ್ಲಿ ಕೊಂಡಿದ್ದ. ಅವುಗಳಿಂದ ಏನು ಮಾಡಬೇಕೆಂದು ಆಗ ಅವನಿಗೇ ಗೊತ್ತಿರಲಿಲ್ಲ. ಗಾಜಿನೊಳಗೆ ಕಾಣುವ ಸಣ್ಣ ಸಣ್ಣ ತಗಡು, ಜಾಲರಿ, ತಂತಿಗಳನ್ನು ನೋಡಿದಷ್ಟೂ ನೋಡಬೇಕೆನಿಸಿತ್ತು, ಅಷ್ಟೇ.

ಯುದ್ಧದ ಕಾಲದಲ್ಲಿ ಸಿಗ್ನಲ್ ದಳದಲ್ಲಿ ಅವನಿಗಿದ್ದದ್ದು ಬ್ಯಾಟರಿಗಳಿಗೆ ಚಾರ್ಜ್ ತುಂಬುವ ಕೆಲಸ. ರೇಡಿಯೋ ಮುಟ್ಟುವ ಅಧಿಕಾರ ಅವನದಲ್ಲ. ಆದರೆ ಡೇರೆಯ ಹೊರಗೆ ಕೂತು ಬ್ಯಾಟರಿ ಕಾಯುವವನಿಗೆ ವೇಳೆ ಬೇಕಾದಷ್ಟಿತ್ತು, ಒಳಗಿದ್ದ ಹವಾಲ್ದಾರನಿಗೆ ಮಾತಿನ ಚಟವಿತ್ತು. ಮೂರು ವರ್ಷ ಹವಾಲ್ದಾರ ರೇಡಿಯೋದ ಗುಟ್ಟು ಹೇಳುತ್ತ ಹೋದ, ಕರೆಪ್ಪ ಕೇಳುತ್ತ ಹೋದ. ಊರಿಗೆ ಬಂದ ಮೇಲೆ ಸಂಕೇಶ್ವರದಲ್ಲಿ ನದಿ ದಂಡೆಯ ಪಂಪಿನ ಮನೆಯಲ್ಲಿ ಕೆಲಸ ಸಿಕ್ಕಿತು. ಹೆಂಡತಿ ರಾಯವ್ವನೊಂದಿಗೆ ತಮ್ಮವರ ಓಣಿಯಲ್ಲಿ ಮನೆ ಮಾಡಿದ. ಬಿಡುವಿದ್ದಾಗ ರೇಡಿಯೋ ದುರಸ್ತಿ ಮಾಡುತ್ತಿದ್ದ.

ರೇಡಿಯೋ ಕೊಡಲು ಬಂದವರು ಓಣಿಯ ಬಾಯಲ್ಲೇ ನಿಂತು ಅವನನ್ನು ಕೂಗಿ ಕರೆಯುತ್ತಿದ್ದರು. ಒಳಗೆ ಕಾಲಿಡುತ್ತಿರಲಿಲ್ಲ. ಅವನು ತಂತಿ ತಂತಿಯನ್ನೂ ಮುಟ್ಟಿ ಸರಿಮಾಡಿದ ಮೇಲೆ ಅದೇ ರೇಡಿಯೋವನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡು ಒಯ್ಯುತ್ತಿದ್ದರು. ಇದರಿಂದ ಕರೆಪ್ಪನಿಗೆ ಸಿಟ್ಟು ಬರುತ್ತಿರಲಿಲ್ಲ ಎಂದಲ್ಲ. ಆದರೆ ಸಿಟ್ಟಿಗಿಂತ ಹೆಚ್ಚಾಗಿ ಅವರ ತಲೆಯೊಳಗೆ ಇದು ಹೇಗೆ ಹೊಂದಿಕೊಂಡಿದೆ ಎಂಬುದೇ ಅವನಿಗೆ ಸೋಜಿಗವಾಗಿತ್ತು.

ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಓಣಿಯ ಅಂಚಿಗೆ ಗುರುಲಿಂಗಪ್ಪ ಎಂಬವರ ಹಿಟ್ಟಿನ ಗಿರಣಿ ಇತ್ತು. ಕರೆಂಟಿನ ರೇಡಿಯೋ ಬಂದರೆ ಕರೆಪ್ಪ ಅದನ್ನು ಗಿರಣಿಯ ಹಿಂಬದಿಯ ಕಟ್ಟೆಗೆ ಒಯ್ದು, ಕಿಟಕಿಯಿಂದ ಹೊರಗೆ ಬಿಟ್ಟಿದ್ದ ವಾಯರಿಗೆ ಹಚ್ಚಿ ನೋಡುತ್ತಿದ್ದ. ಗುರುಲಿಂಗಪ್ಪನವರ ಸ್ವಂತ ರೇಡಿಯೋ ಎರಡು ಸಲ ಸತ್ತು ಅವನ ಕೈಯಲ್ಲಿ ಎದ್ದಿತ್ತು. ಆದ್ದರಿಂದ ಅವರು ಬೇಡವೆನ್ನುತ್ತಿರಲಿಲ್ಲ.

೧೯೫೭ರ ಫೆಬ್ರುವರಿಯಲ್ಲಿ ಒಂದು ಮುಂಜಾನೆ ಓಣಿಯ ಹಿರಿಯ ಯಲ್ಲಾರಿ ಅವನ ಮನೆಗೆ ಬಂದ. ಬಾಬಾಸಾಹೇಬರು ತೀರಿಕೊಂಡು ಎರಡು ತಿಂಗಳಾಗಿತ್ತು. ಓಣಿಯ ಕೆಲವು ಮನೆಗಳು ಬೌದ್ಧ ಧರ್ಮ ತೆಗೆದುಕೊಂಡಿದ್ದವು, ಉಳಿದವು ಆ ವಿಚಾರದಲ್ಲಿದ್ದವು. ಏಪ್ರಿಲ್‌ನ ಜಯಂತಿಗೆ ಹುಕ್ಕೇರಿ, ಕಣಗಲಾ, ಗೋಕಾಕದ ಕಡೆಯಿಂದಲೂ ಜನ ಸೇರುವವರಿದ್ದರು. ಪೇಟೆಯಲ್ಲಿ ಮೈಕು ಬಾಡಿಗೆ ಕೊಡುವವನೊಬ್ಬನಿದ್ದ. ಈ ಓಣಿಯವರು ಕೇಳಿದಾಗಲೆಲ್ಲ ಅವನ ಲೌಡ್‌ಸ್ಪೀಕರಿನ ಹಾರ್ನ್ ಒಡೆದಿರುತ್ತಿತ್ತು, ಇಲ್ಲವೇ ಬೇರೆ ಕಡೆ ಹೋಗಿರುತ್ತಿತ್ತು.

"ಕರೆಪ್ಪ, ಆ ಮೈಕಿನ ಪೆಟಗಿಯೊಳಗ ಏನಿರತೈತಿ, ನಿನಗ ಗೊತ್ತೈತೇನು?" ಎಂದು ಯಲ್ಲಾರಿ ಕೇಳಿದ.

"ಗೊತ್ತೈತ್ರಿ ಕಾಕಾ. ಆದ್ರ ಮಾಡಿ ನೋಡಿಲ್ಲ."

"ಹಂಗಾರ ಮಾಡಿ ನೋಡು. ಮೈಕು, ಹಾರ್ನ್ ಓಣಿ ಮಂದಿ ಕೂಡಿ ತರಸ್ತೇವಿ. ನಡುವಿನ ಪೆಟಗಿ ನಿಂದು."

ಕಾಲುಚೀಲದೊಳಗಿನ ವಾಲ್ವ್‌ಗಳು ಹೊರಬಂದವು. ಎಣ್ಣೆ ಡಬ್ಬಿಯ ತಗಡು ಬಗ್ಗಿಸಿ ಕರೆಪ್ಪ ಪೆಟ್ಟಿಗೆ ಮಾಡಿಕೊಂಡ. ಮೈಕಿನಿಂದ ಬರುವ ದನಿಯನ್ನು ಎತ್ತಿಕೊಳ್ಳಲು ಒಂದು ವಾಲ್ವ್, ಅದನ್ನು ಹಾರ್ನ್‌ವರೆಗೆ ತಳ್ಳಲು ಎರಡು, ಕರೆಂಟನ್ನು ಒಂದೇ ದಿಕ್ಕಿಗೆ ಹರಿಯುವಂತೆ ಮಾಡಲು ಇನ್ನೊಂದು. ಐದನೆಯದು, ಯಾವುದಾದರೂ ಕೆಟ್ಟರೆ ಇರಲೆಂದು. ಇವಕ್ಕೆಲ್ಲ ಕರೆಂಟು ಹಂಚಿಕೊಡುವ ಟ್ರಾನ್ಸ್‌ಫಾರ್ಮರನ್ನು ಮಾತ್ರ ಅವನು ಒಂದು ಸತ್ತ ರೇಡಿಯೋದಿಂದ ಬಿಚ್ಚಿ ಹಾಕಿದ. ಅದೂ ಟ್ರಾನ್ಸ್‌ಫಾರ್ಮರೇ, ಇದಕ್ಕೂ ಬೇಕಾದದ್ದು ಟ್ರಾನ್ಸ್‌ಫಾರ್ಮರೇ ಎಂದುಕೊಂಡಿದ್ದ.

ಗಿರಣಿಯ ಕಟ್ಟೆಯ ಮೇಲೆ ಪರೀಕ್ಷೆ ನಡೆಯಿತು. ಹಾರ್ನಿನಿಂದ ಯಲ್ಲಾರಿಯ ಕೆಮ್ಮು ಮೂರು ಓಣಿಗೆ ಕೇಳಿಸಿತು. ಎಲ್ಲರೂ ನಕ್ಕರು. ಅರ್ಧ ತಾಸಾಗುವುದರಲ್ಲಿ ಅರಗು ಸುಟ್ಟ ವಾಸನೆ ಎದ್ದು, ಟ್ರಾನ್ಸ್‌ಫಾರ್ಮರಿನ ಸಂದಿಯಿಂದ ಹೊಗೆ ಬಂತು. ಕರೆಪ್ಪ ವಾಯರು ಕಿತ್ತೊಗೆದ.

ಮಂದಿ ಬೇಜಾರಿನಿಂದ ಚದುರಿದರು. ಕರೆಪ್ಪನಿಗೂ ಬೇಜಾರಾಗಿತ್ತು. ಆದರೆ ಒಳಗೆ ಏನಾಗಿದೆ ಎಂದು ನೋಡುವ ಆಸೆ ಅದಕ್ಕಿಂತ ಮುಂದೆ ಓಡುತ್ತಿತ್ತು. ಮರುದಿನ ಮುಂಜಾನೆ ಮನೆಯ ಮುಂದಿನ ಬಿಸಿಲಿಗೆ ಕೂತು ಸುಟ್ಟ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಗಡುಗಳನ್ನು ಒಂದೊಂದಾಗಿ ಎಬ್ಬಿಸಿ ತೆಗೆದ. ನಡುವಿನ ತಂತಿಯ ಸುರುಳಿ ಉಳಿಯಿತು. ರಾಯವ್ವ ಒಂದು ಕೋಲಿಗೆ ತಂತಿ ಸುತ್ತಿಕೊಳ್ಳುತ್ತ ಹೋದಳು, ಅವನು ಬಿಚ್ಚುತ್ತ ಹೋದ. ಕೂದಲಿನಂಥ ತಂತಿ ಸಾವಿರಗಟ್ಟಲೆ ಸುತ್ತು ಬಂತು. ಅದು ಮುಗಿದ ಮೇಲೆ ದಪ್ಪ ತಂತಿ ಕೆಲವೇ ಸುತ್ತು.

"ಇಷ್ಟ ಸಣ್ಣ ತಂತಿ ಯಾಕ ಹಾಕ್ಯಾರ?" ಎಂದಳು ರಾಯವ್ವ.

"ಸುತ್ತ ಜಾಸ್ತಿ ಇದ್ದಷ್ಟ ವೋಲ್ಟ್ ಜಾಸ್ತಿ. ಸಣ್ಣ ತಂತಿ ಆದ್ರ ಸ್ವಲ್ಪ ಜಾಗಾದಾಗ ಬಾಳ ಸುತ್ತ ಹಿಡಿತಾವ."

"ಮತ್ತ ಸುಟ್ಟಿದ್ದ ಯಾಕ?"

ಕರೆಪ್ಪ ಕರಕಲಾದ ತುಂಡನ್ನು ಬೆರಳಿನಲ್ಲಿ ಹೊಸಕಿದ. ವೋಲ್ಟು ಸರಿಯಿತ್ತು, ದನಿಯೂ ಬಂದಿತ್ತು. ಆದರೆ ಈ ತಂತಿ ಒಂದು ರೇಡಿಯೋಗೆ ಸಾಕಾಗುವಷ್ಟು ಕರೆಂಟು ಹೊರಲೆಂದು ಸುತ್ತಿದ್ದು. ಅವನ ಎರಡು ದೊಡ್ಡ ವಾಲ್ವ್‌ಗಳು ಹೆಚ್ಚುಕಡಿಮೆ ಎರಡರಷ್ಟು ಎಳೆದಿದ್ದವು. ಅದನ್ನು ಅವಳಿಗೆ ಹೇಳಿದ.

"ನಾಕ ಮಂದಿ ಅಡಗಿ ಭಾಂಡೇದಾಗ ಹತ್ತ ಮಂದಿ ಅಡಗಿ ಮಾಡಿದಂಗಾತು," ಎಂದಳು ರಾಯವ್ವ. "ಹಂಗಾರ ದೊಡ್ಡದ ತರ್ರಿ."

ಯಲ್ಲಾರಿಯೂ ಅದನ್ನೇ ಹೇಳಿದ: "ಸಿಕ್ಕೂದ್ರಾಗ ಎಲ್ಲಾಕಿಂತ ದೊಡ್ಡದು ತಗೊಂಡ ಬಾ."

ಮಾರ್ಚಿನ ಮೊದಲ ವಾರ ಕರೆಪ್ಪ ಕೊಲ್ಲಾಪುರದ ಮೋಟಾರು ಹಿಡಿದ. ಅಲ್ಲಿ ಹಳೆಯ ರೇಡಿಯೋ, ಸಿನಿಮಾ ಯಂತ್ರಗಳ ಸಾಮಾನು ಮಾರುವ ಒಂದು ಅಂಗಡಿಯ ಸುದ್ದಿ ಅವನಿಗೆ ಗೊತ್ತಿತ್ತು. ಅಂಗಡಿಯಾತ ಎರಡು ವರ್ಷದ ಹಿಂದೆ ತೀರಿಕೊಂಡು, ಅವನ ಹೆಂಡತಿ ಪದ್ಮವ್ವ ಅದನ್ನು ನಡೆಸುತ್ತಿದ್ದಳು. ಐವತ್ತರ ಆಸುಪಾಸಿನ ಜೈನರ ಹೆಣ್ಣುಮಗಳು, ಬಿಳಿ ಸೀರೆ. ಕರೆಪ್ಪ ಮರಾಠಿಯಲ್ಲಿ ಶುರುಮಾಡಿದ್ದನ್ನು ಕೇಳಿ, "ಕನ್ನಡದಾಗ ಹೇಳೋ ತಮ್ಮಾ. ನಿಂದ ಯಾವ ಊರ?" ಎಂದಳು.

"ಸಂಕೇಶ್ವರರಿ."

"ನನ್ನ ತವರಮನಿ ಹುಕ್ಕೇರಿ. ಸಂಕೇಶ್ವರದಾಗ ಯಾವ ಓಣಿ?"

ಈ ಪ್ರಶ್ನೆ ಎಲ್ಲಿಗೆ ಹೋಗುತ್ತದೆಂದು ಕರೆಪ್ಪನಿಗೆ ಗೊತ್ತಿತ್ತು. ಓಣಿಯ ಹೆಸರು ಹೇಳಿದ. ಪದ್ಮವ್ವ ಗಲ್ಲಾದ ಹಿಂದೆ ಹೋಗಿ ಕೂತು, "ಸಾಮಾನ ಅಲ್ಲಿ ಮೂಲ್ಯಾಗ ಅದಾವ, ನೋಡ್ಕೋ," ಎಂದಳು.

ಮೂಲೆಯಲ್ಲಿ ಅವನ ಕೆಲಸಕ್ಕೆ ಬರಬಹುದಾದವು ಮೂರಿದ್ದವು. ಮೊದಲನೆಯದು ಮುಂಬಯಿಯಿಂದ ಬಂದ ಹೊಸದು, ಚೆಂದದ ಚೀಟಿ ಅಂಟಿಸಿದ್ದು. ಚೀಟಿ ಓದಿದೊಡನೆ ಅದು ರೇಡಿಯೋದ್ದೆಂದು ತಿಳಿದು ಬದಿಗಿಟ್ಟ. ಎರಡನೆಯದು ಮಿಲಿಟರಿಯದು, ಹಸಿರು ಬಣ್ಣ ಬಳಿದದ್ದು, ಎತ್ತಲು ಎರಡು ಕೈ ಬೇಕು. ಯಲ್ಲಾರಿ ನೋಡಿದ್ದರೆ ಅದನ್ನೇ ಹೊತ್ತುಕೊಂಡು ನಡೆಯುತ್ತಿದ್ದ. ಮೂರನೆಯದು ಗಾತ್ರದಲ್ಲಿ ನಡುವಿನದು. ಚೀಟಿ ಇಲ್ಲ, ಹೆಸರಿಲ್ಲ, ಮೇಲೆ ಸುತ್ತಿದ ಕಾಗದ ಒಂದು ಮಗ್ಗುಲಿಗೆ ಕಪ್ಪಾಗಿ ಸುಟ್ಟಿತ್ತು.

"ಅದು ಯಾವುದೋ ಸಿನಿಮಾ ಮಂದಿರದ್ದು. ಸುಟ್ಟೈತಿ. ತೂಕಕ್ಕ ಹಾಕಾಕ ಇಟ್ಟೇನಿ," ಎಂದಳು ಪದ್ಮವ್ವ.

ಕರೆಪ್ಪ ಅದನ್ನು ಮೂಗಿನ ಹತ್ತಿರ ಹಿಡಿದ. ಮೊನ್ನೆ ಮೂಗಿಗೆ ಬಡಿದಿದ್ದ ಅರಗಿನ ವಾಸನೆ ಇದಕ್ಕಿರಲಿಲ್ಲ. ಸುಟ್ಟ ಕಾಗದದ ಅಂಚನ್ನು ಉಗುರಿನಿಂದ ಎಬ್ಬಿಸಿದ. ಕೆಳಗಿನ ಪದರ ಹಳದಿಯಾಗಿ ಶುದ್ಧವಾಗಿತ್ತು. ಬೆಂಕಿ ಹೊರಗಿನಿಂದ ತಾಗಿದ್ದಿರಬೇಕು.

"ಅವ್ವಾರ, ಇದಕ್ಕ ಕರೆಂಟ್ ಕೊಟ್ಟ ನೋಡಲೇನ್ರಿ? ಒಂದ ಬಲ್ಬ್ ಬೇಕು. ಮೀಟರ್ ಇದ್ರ ಬಾಳ ಚಲೋ."

ಮೀಟರ್ ಎಂದದ್ದಕ್ಕೆ ಅವಳು ತಲೆಯೆತ್ತಿದಳು. "ಅವರ ಮೀಟರ್ ಐತಿ. ಅವರು ಹೋದ ಮ್ಯಾಲ ಯಾರೂ ತಗದಿಲ್ಲ." ಒಳಗಿನಿಂದ ಕಪ್ಪು ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟಳು. ಅವಳು ಕೈ ಹಿಂದೆಗೆದ ಮೇಲೆ ಕರೆಪ್ಪ ಎತ್ತಿಕೊಂಡ.

ಗೋಡೆಯ ಕರೆಂಟಿಗೂ ಟ್ರಾನ್ಸ್‌ಫಾರ್ಮರಿಗೂ ನಡುವೆ ನಲವತ್ತು ವ್ಯಾಟಿನ ಬಲ್ಬೊಂದನ್ನು ಹಚ್ಚಿದ. ಒಳಗೆ ತಂತಿಗೆ ತಂತಿ ಕೂಡಿಕೊಂಡಿದ್ದರೆ ಬಲ್ಬು ಝಗ್ಗನೆ ಉರಿಯುತ್ತದೆ, ಚೆನ್ನಾಗಿದ್ದರೆ ಉರಿಯುವುದಿಲ್ಲ ಎಂದು ಪದ್ಮವ್ವನಿಗೆ ವಿವರಿಸಿ ಸ್ವಿಚ್ಚು ಒತ್ತಿದ. ಬಲ್ಬಿನ ತಂತಿ ಒಮ್ಮೆ ಕೆಂಪಾಗಿ, ನಂದಿದಂತಾಯಿತು.

"ಅಂದ್ರ ಜೀವಂತ ಐತಿ?"

"ಐತ್ರಿ."

ಪದ್ಮವ್ವ ಗಲ್ಲಾದ ಹಿಂದಿನಿಂದ ಎದ್ದು ಬಂದಳು. ಕರೆಪ್ಪ ಬಲ್ಬು ತೆಗೆದು, ಗೋಡೆಯ ಕರೆಂಟನ್ನು ನೇರವಾಗಿ ಕೊಟ್ಟು, ಒಂದೊಂದೇ ಜೋಡಿ ತಂತಿಗೆ ಮೀಟರ್ ಹಿಡಿಯತೊಡಗಿದ. ದಪ್ಪ ತಂತಿಯ ಒಂದು ಜೋಡಿಯಲ್ಲಿ ಐದು ವೋಲ್ಟು. ಇನ್ನೊಂದರಲ್ಲಿ ಆರರ ಮೇಲೆ ಚೂರು. ವಾಲ್ವ್‌ಗಳ ಒಳಗಿನ ಕಡ್ಡಿ ಕಾಯಿಸಲು ಅವನಿಗೆ ಬೇಕಾದದ್ದು ಅದೇ. ಸಣ್ಣ ತಂತಿಯಲ್ಲಿ, ನಡುವಿನಿಂದ ಎರಡೂ ಕಡೆಗೆ, ಇನ್ನೂರಾ ಐವತ್ತರ ಮೇಲೆ ಮುಳ್ಳು ನಿಂತಿತು. ದನಿ ತಳ್ಳುವ ವಾಲ್ವ್‌ಗಳಿಗೆ ಅದೂ ಸರಿ.

"ಕರೆಂಟ್ ಈ ತಂತಿಯಿಂದ ಆ ತಂತಿಗೆ ಹ್ಯಾಂಗ ಹೊಕ್ಕತಿ? ಒಳಗ ಕೂಡಿಸ್ಯಾರೇನು?" ಎಂದಳು ಪದ್ಮವ್ವ.

"ಇಲ್ರಿ. ಎರಡೂ ಬ್ಯಾರೆ ಬ್ಯಾರೆ. ಒಂದಕ್ಕೊಂದು ಮುಟ್ಟಂಗಿಲ್ಲ. ನಡುವ ಕಾಗದ ಐತಿ. ಕಬ್ಬಣದಾಗಿಂದ ಅಯಸ್ಕಾಂತ ಆಗಿ ದಾಟತೈತಿ."

ಅವಳು ಬಗ್ಗಿ ನೋಡಿದಳು. "ನಮ್ಮನಿಯವರು ಇಪ್ಪತ್ತ ವರ್ಷ ಇದನ್ನ ಮಾರಿದ್ರು. ನಾ ಒಮ್ಮೆನೂ ಕೇಳಲಿಲ್ಲ ನೋಡು."

ಕರೆಂಟು ಕೊಡುವ ಕಡೆಗೆ ಮಾತ್ರ ಎರಡರ ಬದಲು ನಾಲ್ಕು ತಂತಿ ಇದ್ದವು. ಕರೆಪ್ಪ ಎರಡಕ್ಕೆ ಕರೆಂಟು ಕೊಟ್ಟು ಉಳಿದವನ್ನು ಅಳೆದ. ಒಂದರಲ್ಲಿ ಇನ್ನೂರು ಬಂತು. ಇನ್ನೊಂದರಲ್ಲಿ ಇನ್ನೂರಾ ನಲವತ್ತೈದು. ಅವನು ಮೀಟರಿನ ಕಡ್ಡಿ ತೆಗೆದು ಗೋಡೆಯ ಕರೆಂಟನ್ನೇ ಅಳೆದ: ಇನ್ನೂರಾ ಇಪ್ಪತ್ತೈದು. ಮತ್ತೆ ತಂತಿಗೆ ಹಿಡಿದ. ಮತ್ತೆ ಇನ್ನೂರಾ ನಲವತ್ತೈದು. ಗೋಡೆಯಲ್ಲಿ ಇಲ್ಲದ ಇಪ್ಪತ್ತು ವೋಲ್ಟು ಇದಕ್ಕೆ ಎಲ್ಲಿಂದ ಬಂತೆಂದು ಬಾಯಿ ತೆರೆದುಕೊಂಡು ಕೂತ. ಆಮೇಲೆ ಹೊಳೆಯಿತು. ಅದು ಒಂದೇ ಸುರುಳಿ, ನಡುವೆ ಬೇರೆ ಬೇರೆ ಕಡೆ ತಂತಿ ಹೊರಗೆ ತೆಗೆದದ್ದು. ಹೆಚ್ಚು ಸುತ್ತಿನ ತುದಿಯಲ್ಲಿ ಹೆಚ್ಚು ವೋಲ್ಟು ಕಾಣಲೇಬೇಕು.

"ಕರೆಂಟ್ ಕಡಿಮಿ ಇದ್ದ ಊರಾಗ ಈ ತಂತಿಗೆ ಹಚ್ಚೂದು, ಜಾಸ್ತಿ ಇದ್ದ ಊರಾಗ ಈ ತಂತಿಗೆ," ಎಂದು ಅವನು ಸಂಭ್ರಮದಿಂದ ಹೇಳಿದ. "ಹ್ಯಾಂಗಿದ್ರೂ ವಾಲ್ವ್‌ಗೆ ಬರೂದು ಅಷ್ಟ ವೋಲ್ಟ್."

"ಊರಿಗೊಂದ ನಮೂನಿ ಕರೆಂಟ್ ಇರತೈತೇನು?"

"ನಮ್ಮೂರಾಗ ತಾಸಿಗೊಂದ ನಮೂನಿ ಇರತೈತ್ರಿ."

ಪದ್ಮವ್ವ ನಕ್ಕಳು. ಹಸಿರು ಟ್ರಾನ್ಸ್‌ಫಾರ್ಮರನ್ನೂ ಅಳೆದು ನೋಡೆಂದು ಅವಳೇ ಹೇಳಿದಳು. ಅದರಲ್ಲಿ ನಾನೂರು ಬಂತು. ಒಂದು ದಿಕ್ಕಿಗೆ ತಿರುಗಿಸಿ ಕೂಡಿಟ್ಟರೆ ಅದು ಐನೂರನ್ನೂ ದಾಟುತ್ತದೆ, ಅದನ್ನು ಕೂಡಿಟ್ಟುಕೊಳ್ಳಲು ತನ್ನ ಹತ್ತಿರವಿರುವ ಕಂಡೆನ್ಸರುಗಳು ನಾನೂರೈವತ್ತಕ್ಕೇ ಒಡೆಯುತ್ತವೆ ಎಂದು ಕರೆಪ್ಪ ಹೇಳಿದ. ಉಳಿದದ್ದು ಒಂದೇ ಸಂಶಯ: ಸುಟ್ಟ ಕಾಗದದ್ದು ಹೊತ್ತುಕೊಂಡು ನಿಲ್ಲುತ್ತದೆಯೇ? ಅದಕ್ಕೆ ಅವನು ಬಲ್ಬುಗಳನ್ನು ಸಾಲಾಗಿ ಹಚ್ಚಿ, ತನ್ನ ವಾಲ್ವ್‌ಗಳು ಎಳೆಯುವಷ್ಟೇ ಕರೆಂಟು ಎಳೆಯುವಂತೆ ಮಾಡಿ ಒಂದೂವರೆ ತಾಸು ಬಿಟ್ಟ. ಆಗಾಗ ಮುಟ್ಟಿ ನೋಡಿದ. ಪದ್ಮವ್ವನಿಗೆ ತಡೆಯಲಿಲ್ಲ. ಅವಳೂ ಕೈಚಾಚಿ ಕಬ್ಬಿಣದ ಮೇಲೆ ಬೆರಳಿಟ್ಟಳು. ಕರೆಪ್ಪನ ಕೈ ಅಲ್ಲೇ ಇತ್ತು. ಅವಳು ತೆಗೆಯಲಿಲ್ಲ.

"ಬೆಚ್ಚಗೈತಿ, ಅಷ್ಟ," ಎಂದಳು.

ಬೀಳ್ಕೊಡುವಾಗ ಟ್ರಾನ್ಸ್‌ಫಾರ್ಮರಿನ ಜೊತೆಗೆ ಮೀಟರನ್ನೂ ಅವನ ಕೈಗೇ ಕೊಟ್ಟಳು. "ಒಯ್ಯಿ. ಕೆಲಸ ಮುಗದ ಮ್ಯಾಲ ತಂದ ಕೊಡು. ಏನಾತಂತ ಹೇಳಾಕರ ಬರತಿ."

ಸಂಕೇಶ್ವರದಲ್ಲಿ ಯಲ್ಲಾರಿ ಸುಟ್ಟ ಕಾಗದ ನೋಡಿ ಮುಖ ಗಂಟಿಕ್ಕಿದ. "ಸುಟ್ಟ ಹೋಗಿದ್ದಕ್ಕ ಬದಲಿ ತಾ ಅಂದ್ರ ಇನ್ನೊಂದ ಸುಟ್ಟದ್ದ ತಂದಿ?" ಅವನನ್ನು ಮಾತಿನಿಂದ ಒಪ್ಪಿಸಲಾಗದೆಂದು ಕರೆಪ್ಪ ಅದನ್ನು ಪೆಟ್ಟಿಗೆಗೆ ಕೂರಿಸಿ, ಗಿರಣಿಯ ಕಟ್ಟೆಯ ಮೇಲೆ ಮುಂಜಾನೆಯಿಂದ ಮಧ್ಯಾಹ್ನದವರೆಗೆ ಓಡಿಸಿ ತೋರಿಸಿದ. ಹೊಗೆ ಬರಲಿಲ್ಲ. ಆದರೆ ಹನ್ನೊಂದರ ಹೊತ್ತಿಗೆ ಗಿರಣಿ ಶುರುವಾದಾಗ ದನಿ ಕುಗ್ಗಿ, ಗಂಟಲು ಕಟ್ಟಿದವರಂತೆ ಒಡೆಯಿತು. ಮೀಟರ್ ಹಿಡಿದ. ಇನ್ನೂರಾ ಇಪ್ಪತ್ತೈದಿದ್ದ ಕರೆಂಟು ನೂರಾ ತೊಂಬತ್ತಕ್ಕೆ ಇಳಿದಿತ್ತು. ಗಿರಣಿ ನಿಂತೊಡನೆ ಮತ್ತೆ ಏರಿತು.

ಇನ್ನೂರರ ತಂತಿಗೆ ಹಚ್ಚಿದರೆ ಗಿರಣಿ ಓಡುವಾಗ ದನಿ ಸ್ವಚ್ಛ. ಆದರೆ ಹಾಗೆಯೇ ಬಿಟ್ಟು ಗಿರಣಿ ನಿಂತರೆ, ಒಳಗಿನ ವೋಲ್ಟುಗಳೆಲ್ಲ ಒಮ್ಮೆಲೆ ಏರಿ ವಾಲ್ವ್ ಹಾಳಾಗುವ ಭಯ. ಮೂರು ದಿನ ಅದನ್ನೇ ಯೋಚಿಸಿ, ಮೆಟ್ಟಿಲಿನ ದೀಪಕ್ಕೆ ಹಾಕುವಂಥ ಎರಡು ದಾರಿಯ ಸ್ವಿಚ್ಚೊಂದನ್ನು ಪೆಟ್ಟಿಗೆಯ ಮಗ್ಗುಲಿಗೆ ಕೂರಿಸಿದ. ಮೇಲೆ ಮಾಡಿದರೆ ಇನ್ನೂರಾ ಇಪ್ಪತ್ತೈದರ ತಂತಿ, ಕೆಳಗೆ ಮಾಡಿದರೆ ಇನ್ನೂರರದು. ಗಿರಣಿ ನಿಲ್ಲುವುದು ಮುಂಚೆಯೇ ತಿಳಿದರೆ ಸಾಕು.

ಜಯಂತಿಯ ದಿನ ಗಿರಣಿ ಬಂದ್ ಇಡುವುದಾಗಿ ಗುರುಲಿಂಗಪ್ಪ ಒಪ್ಪಿದ್ದರು. ಆದರೆ ಆ ಮಧ್ಯಾಹ್ನವೇ ಮದುವೆಯ ಗೋದಿ ಹೇರಿಕೊಂಡು ಎರಡು ಚಕ್ಕಡಿ ಬಂದವು. ಅವರು ಹಿಂಬಾಗಿಲಿಗೆ ಬಂದು ನಿಂತು, "ಕರೆಪ್ಪ, ಹಳೇ ಗಿರಾಕಿ. ಒಲ್ಲೆ ಅನ್ನಾಕ ಬರೂದಿಲ್ಲ," ಎಂದರು.

"ನಡಸ್ರಿ ಸಾವಕಾರ್ರ. ಆದ್ರ ನಿಲ್ಲಸೂ ಮುಂದ ನನಗ ತಿಳೀಬೇಕು. ತಿಳೀಲಿಲ್ಲ ಅಂದ್ರ ಇದು ಉಳಿಯಂಗಿಲ್ಲ."

ಗುರುಲಿಂಗಪ್ಪ ಒಂದು ಗಳಿಗೆ ಪೆಟ್ಟಿಗೆಯನ್ನೂ ಸೇರಿದ ಜನರನ್ನೂ ನೋಡಿದರು. "ಆಳಿನ ಮ್ಯಾಲ ಬಿಟ್ರ ಮರೀತಾನ. ನಾನ ಈ ಬಾಗಲದಾಗ ನಿಲ್ಲತೇನಿ. ಹೆಗಲ ಮ್ಯಾಲಿನ ಈ ವಲ್ಲಿ ಬೀಸಿದ್ರ ನಿಲ್ಲಸ್ತೇವಿ ಅಂತ ತಿಳಕೊ."

ನಾಲ್ಕು ಗಂಟೆಗೆ ಸಭೆ ಶುರುವಾಯಿತು. ಕರೆಪ್ಪ ಕಟ್ಟೆಯ ಮೇಲೆ ಪೆಟ್ಟಿಗೆಯ ಹತ್ತಿರ, ಒಂದು ಕೈ ಸ್ವಿಚ್ಚಿನ ಮೇಲೆ, ಕಣ್ಣು ಗಿರಣಿಯ ಹಿಂಬಾಗಿಲ ಮೇಲೆ. ವಲ್ಲಿ ಬೀಸಿದಾಗ ಸ್ವಿಚ್ಚು ಮೇಲೆ. ಗಿರಣಿಯ ಪಟ್ಟಾ ಮತ್ತೆ ಪಟಪಟ ಎಂದಾಗ ಕೆಳಗೆ. ದನಿ ಕಣ್ಣು ಮಿಟುಕಿಸಿದಷ್ಟು ಹೊತ್ತು ಕುಗ್ಗಿ ಮತ್ತೆ ಏಳುತ್ತಿತ್ತು, ಮಂದಿಗೆ ಅದು ಗೊತ್ತೂ ಆಗಲಿಲ್ಲ. ಯಲ್ಲಾರಿ ಮಾತಾಡಿದ, ಹುಕ್ಕೇರಿಯಿಂದ ಬಂದವರು ಮಾತಾಡಿದರು. ಕೊನೆಗೆ ಕೊಣ್ಣೂರಿನ ಸತ್ತೆವ್ವ ಎದ್ದಳು. ಕಬ್ಬಿನ ಹೊಲದಲ್ಲಿ ದುಡಿಯುವಾಕೆ, ಮೂವತ್ತು ದಾಟಿದ ಮೇಲೆ ಓದು ಕಲಿತವಳು. ತಾನೇ ಬರೆದುಕೊಂಡು ಬಂದ ಹಾಳೆಯನ್ನು ಬೆರಳಿಟ್ಟು ಓದಿದಳು. ಎರಡು ಮಾರು ದೂರದವರಿಗೂ ಕೇಳದಂಥ ಮೆದು ದನಿ ಅವಳದು. ಹಾರ್ನ್ ಅದನ್ನು ಗಿರಣಿಯ ಸದ್ದಿನ ಮೇಲೆ ಹಾಯಿಸಿ ಆಚೆಯ ಓಣಿಗಳಿಗೂ ಒಯ್ದಿತು. ಮುಂದೆ ಕೂತ ಹೆಂಗಸರಲ್ಲಿ ರಾಯವ್ವ ಸೆರಗಿನಿಂದ ಕಣ್ಣೊರಸಿಕೊಳ್ಳುವುದು ಕರೆಪ್ಪನಿಗೆ ಕಂಡಿತು. ಯಾಕೆಂದು ತಿಳಿಯಲಿಲ್ಲ.

ಮರುದಿನ ವಾಯರು ಸುತ್ತಲು ಹೋದಾಗ ಗುರುಲಿಂಗಪ್ಪ ಅವನನ್ನು ಕರೆದರು. "ನಿನ್ನೆ ಕಡೀಕ ಓದಿದಾಕಿ ಯಾರು? ಮಗಳನ್ನ ಸಾಲಿಗೆ ಕರಕೊಂಡ ಹೋಗಿದ್ದು, ಬಾಗಲದಾಗ ನಿಂತ ತಾನೂ ಅಕ್ಷರ ಕಲತಿದ್ದು ಹೇಳಿದ್ಲಲ್ಲ?"

"ಕೊಣ್ಣೂರ ಸತ್ತೆವ್ವರಿ. ಏನ ಓದಿದ್ಲೋ ನನಗ ಗೊತ್ತಿಲ್ರಿ. ನಾ ನಿಮ್ಮ ವಲ್ಲೀನ ನೋಡಾಕತ್ತಿದ್ನಿ."

ಗುರುಲಿಂಗಪ್ಪ ಗಟ್ಟಿಯಾಗಿ ನಕ್ಕರು. ಆಮೇಲೆ ಕಟ್ಟೆಯ ಮೇಲೆ ಅವನ ಎದುರಿಗೆ ಕೂತು, ಸತ್ತೆವ್ವ ಹೇಳಿದ್ದನ್ನೆಲ್ಲ ತಮಗೆ ನೆನಪಿದ್ದಷ್ಟು ಹೇಳಿದರು. ಕರೆಪ್ಪ ಮೊದಲ ಬಾರಿಗೆ ಅದನ್ನು ಕೇಳಿಸಿಕೊಂಡದ್ದು ಹಾಗೆ, ಗಿರಣಿಯವರ ಬಾಯಿಂದ.

ಆ ತಿಂಗಳೇ ಮೀಟರ್ ಹಿಂದಿರುಗಿಸಲು ಕೊಲ್ಲಾಪುರಕ್ಕೆ ಹೋದ. ಪದ್ಮವ್ವ ಎಲ್ಲವನ್ನೂ ಕೂತು ಕೇಳಿ, ಟೊಳ್ಳು ಸುದ್ದಿ ಹೇಳಬೇಡ, ಎಷ್ಟು ಬಿಸಿಯಾಯಿತು ಅದನ್ನು ಹೇಳು ಎಂದಳು. ಮುಂದೆ ಅವಳ ಅಂಗಡಿಯಿಂದಲೇ ಅವನು ತಂತಿ, ತಗಡು ತಂದು ತಾನೇ ಟ್ರಾನ್ಸ್‌ಫಾರ್ಮರ್ ಸುತ್ತಲು ಕಲಿತ. ರಾಯವ್ವ ಸುತ್ತು ಎಣಿಸುತ್ತಿದ್ದಳು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆಂದು ಬಾಯಿಗೆ ಸೆರಗು ಹಿಡಿದು ಕೂರುತ್ತಿದ್ದಳು. ೧೯೬೦ರ ಹೊತ್ತಿಗೆ ಅವರು ಹುಕ್ಕೇರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಸಣ್ಣ ಅಂಗಡಿ ಹಾಕಿದರು. ಗೋಕಾಕದಿಂದ, ಮೂಡಲಗಿಯಿಂದ ಭಜನೆ ಮಂಡಳಿಯವರು, ನಾಟಕದವರು ಬರುತ್ತಿದ್ದರು. ಬಂದವರನ್ನೆಲ್ಲ ಕರೆಪ್ಪ ಮೊದಲು ಕೇಳುತ್ತಿದ್ದದ್ದು, "ನಿಮ್ಮೂರಾಗ ಸಂಜಿಮುಂದ ದೀಪ ಮಬ್ಬಾಗತಾವೇನ್ರಿ?" ಎಂದು. ಉತ್ತರ ಹೇಳದವರ ಊರಿಗೆ ತಾನೇ ಹೋಗಿ ಅಳೆದು ಬರುತ್ತಿದ್ದ.

೧೯೬೬ರಲ್ಲಿ ಮೂಡಲಗಿಯ ಗುಡ್ಡಪ್ಪ ಎಂಬ ಭಜನೆಯವ ಕೈಚೀಲದಲ್ಲಿ ಹಿಡಿಸುವಂಥ ಪೆಟ್ಟಿಗೆಯೊಂದನ್ನು ತಂದ. ಮೋಟಾರಿನ ಬ್ಯಾಟರಿಯ ಮೇಲೆ ಓಡುವ ಹೊಸ ನಮೂನೆಯ ಆಂಪ್ಲಿಫೈಯರ್, ದನಿ ನಿಂತಿದೆ ಎಂದ. ಕರೆಪ್ಪ ಮುಚ್ಚಳ ತೆಗೆದ. ವಾಲ್ವ್ ಇಲ್ಲ. ಇನ್ನೂರೈವತ್ತು ವೋಲ್ಟು ಮಾಡಿಕೊಡುವ ದೊಡ್ಡ ಟ್ರಾನ್ಸ್‌ಫಾರ್ಮರೂ ಇಲ್ಲ. ಅಂಗಿಯ ಗುಂಡಿಯಷ್ಟು ದಪ್ಪದ ನಾಲ್ಕು ತಗಡಿನ ಬಿಲ್ಲೆ, ಜನ ಹೇಳುವ ಟ್ರಾನ್ಸಿಸ್ಟರು, ಒಂದೊಂದಕ್ಕೂ ಸಣ್ಣ ಕಾಲು. ಹನ್ನೆರಡು ವೋಲ್ಟಿನಲ್ಲಿ ಊರಿಗೆಲ್ಲ ಕೇಳುವ ದನಿ.

ಬ್ಯಾಟರಿಯಿಂದ ಬರುವ ವಾಯರು ಬುಡದಲ್ಲಿ ಕಿತ್ತುಹೋಗಿತ್ತು. ನೋಡಿದೊಡನೆ ಅದು ಕಂಡಿತ್ತು, ಬೆಸುಗೆ ಹಾಕಲು ಎರಡು ನಿಮಿಷ ಸಾಕಿತ್ತು.

"ಎಷ್ಟೊತ್ತ ಆಗತೈತ್ರಿ?" ಎಂದು ಗುಡ್ಡಪ್ಪ ಕೇಳಿದ.

ಕರೆಪ್ಪ ಬಿಲ್ಲೆಗಳಿಂದ ಕಣ್ಣೆತ್ತಲಿಲ್ಲ. "ಇವತ್ತ ಆಗೂದಿಲ್ರಿ," ಎಂದ. "ನಾಳೆ ಸಂಜಿಮುಂದ ಬರ್ರಿ."